ಝಟ್ಕಾ ಬೇಲಿ

ನಮ್ಮ ಕಡೆ ಜಟಕಾ ಎಂದರೆ ಕುದುರೆ ಗಾಡಿ. ದಿಲ್ಲಿಯಲ್ಲಿ ಝಟ್ಕಾ ಎಂದರೆ ಒಂದೇ ಏಟಿಗೆ ಕತ್ತು ಕಡಿದ ಮಾಂಸ. ಅಂಗಡಿಗಳ ಹಲಗೆಯ ಮೇಲೆ ಹೆಮ್ಮೆಯಿಂದ ಬರೆಸಿರುತ್ತಾರೆ. ಬಸ್ಸು ತಟಕ್ಕನೆ ನಿಂತಾಗ ಬೆನ್ನಿಗೆ ಬೀಳುವ ಕುಲುಕೂ ಝಟ್ಕಾ, ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದಾಗ ಹೊಡೆಯುವುದೂ ಝಟ್ಕಾ. ಈಚಿನ ವರ್ಷಗಳಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಈ ಪದಕ್ಕೆ ಇನ್ನೊಂದು ನಂಟು ಕೂಡಿಕೊಂಡಿದೆ: ‘ಝಟ್ಕಾ ಮಷೀನ್’. ಹೊಲದ ಸುತ್ತ ಎಳೆದ ತಂತಿಗೆ ಸೆಕೆಂಡಿಗೊಮ್ಮೆ ವಿದ್ಯುತ್ತಿನ ಚಾಟಿಯೇಟು ಕೊಡುವ ಸಣ್ಣ ಪೆಟ್ಟಿಗೆ ಅದು. ನಮ್ಮ ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆ ಆನೆಗಳಿಗೆಂದು ಹಾಕುವ ಸೋಲಾರ್ ಬೇಲಿಯ ಹೃದಯವೂ ಇದೇ ಪೆಟ್ಟಿಗೆ. ಕೋಳಿಯನ್ನು ಕೊಲ್ಲುವ ವಿಧಾನದ ಹೆಸರೇ ಕೋಳಿಯನ್ನು ಕಾಯುವ ಯಂತ್ರದ ಹೆಸರೂ ಆದದ್ದನ್ನು ನಾನು ನನ್ನ ಭಾವನ ಹಿತ್ತಲಿನಲ್ಲಿ ಕಂಡೆ. ಹಿತ್ತಲು ಎಂದದ್ದು ಅಭ್ಯಾಸಬಲದಿಂದ. ಅದು ಎರಡು ಎಕರೆ ಗುತ್ತಿಗೆ ನೆಲ. ಗುರುಗ್ರಾಮದ ಗಾಜಿನ ಗೋಪುರಗಳನ್ನು ದಾಟಿ ಫರೂಖ್‌ನಗರದ ದಿಕ್ಕಿಗೆ ಹೋದರೆ ಸುಲ್ತಾನ್‌ಪುರದ ಪಕ್ಷಿಧಾಮ ಸಿಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಒಂದು ಹಳ್ಳಿಯ ಅಂಚಿನಲ್ಲಿ ಆ ನೆಲವಿದೆ.

ಭಾವ ಸೇನೆಯ ಸಿಗ್ನಲ್ಸ್ ದಳದಲ್ಲಿದ್ದು ನಿವೃತ್ತರಾದವರು. ಮಗಳ ಓದು, ಅನಂತರ ಅವಳ ಕೆಲಸ ಗುರುಗ್ರಾಮದಲ್ಲೇ ಎಂದಾದಾಗ ಊರಿಗೆ ಮರಳುವ ಮಾತು ಮುಂದಕ್ಕೆ ಹೋಯಿತು. ಕೈಕಟ್ಟಿ ಕೂರುವ ಜಾಯಮಾನ ಅವರದಲ್ಲ. ಹಳ್ಳಿಯವರು ‘ಫೌಜಿ’ ಎಂದೇ ಕರೆಯುವ ಈ ಮನುಷ್ಯ ಆ ನೆಲದಲ್ಲಿ ಸ್ವಲ್ಪ ತರಕಾರಿ ಹಾಕಿ, ನೂರಿಪ್ಪತ್ತು ಕೋಳಿ ಕಟ್ಟಿದರು. ಅರ್ಧ ನಾಟಿ, ಅರ್ಧ ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ನಿರ್ಭೀಕ್’ ತಳಿ. ಜಗಳಗಂಟ ಅಸೀಲ್ ಕೋಳಿಯ ರಕ್ತ ಬೆರೆತಿರುವುದರಿಂದ ಅದಕ್ಕೆ ಆ ಹೆಸರು. ನಮ್ಮಲ್ಲಿ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಇದ್ದಂತೆ ಎನ್ನಬಹುದು. ಆದರೆ ಗಿರಿರಾಜನ ಗಾಂಭೀರ್ಯ ಇದಕ್ಕಿಲ್ಲ, ಮೈಯೆಲ್ಲ ಎಚ್ಚರ, ಕಾಲು ಕೊಂಚ ಉದ್ದ. ಮೊಟ್ಟೆಗಳು ಗುರುಗ್ರಾಮ, ದ್ವಾರಕಾಗಳ ಕನ್ನಡದ ಮನೆಗಳಿಗೆ ವಾಟ್ಸ್ಆ್ಯಪ್ ಮೂಲಕ ಮಾರಿಹೋಗುತ್ತಿದ್ದವು. ಸಸ್ಯಾಹಾರವೇ ಹೆಚ್ಚಾಗಿರುವ ಹರಿಯಾಣದ ಹಳ್ಳಿಯಲ್ಲಿ ಕೋಳಿ ಸಾಕುವುದನ್ನು ಮೊದಮೊದಲು ಹಿರಿಯರು ಮೂಗು ಮುರಿದು ನೋಡಿದರಂತೆ. ಚಳಿಗಾಲ ಬಂದಾಗ ಕುಸ್ತಿ ಮಾಡುವ ಹುಡುಗರು ಕತ್ತಲಾದ ಮೇಲೆ ಬಂದು ಡಜನ್ನುಗಟ್ಟಲೆ ಕೊಂಡೊಯ್ಯತೊಡಗಿದ ಮೇಲೆ ಮೂಗುಗಳು ನೇರವಾದವು.

2023ರ ಡಿಸೆಂಬರಿನ ಒಂದು ರಾತ್ರಿ ಕೋಳಿಮನೆಯ ತಂತಿಜಾಲರಿ ಒಂದು ಮೂಲೆಯಲ್ಲಿ ಕಿತ್ತುಬಂತು. ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಭಾವ ಸತ್ತ ಕೋಳಿಗಳನ್ನು ಕಣ್ಣಿಗಿಂತ ಮೊದಲು ಕಾಲಿನಿಂದ ಕಂಡುಕೊಂಡರು. ನಲವತ್ತಾರು. ನಾನು ಆ ಭಾನುವಾರ ಹೋದಾಗ ಅವುಗಳನ್ನು ಸುಣ್ಣ ಹಾಕಿ ಹೂಳಿಯಾಗಿತ್ತು. ಪುಕ್ಕಗಳು ಮಾತ್ರ ಗೋಧಿಯ ಪೈರಿನಲ್ಲಿ ಸಿಕ್ಕಿಕೊಂಡು ಉಳಿದಿದ್ದವು.

ಸತ್ತ ಕೋಳಿಯನ್ನು ಓದುವುದೂ ಒಂದು ವಿದ್ಯೆ. ಕಾಡುಬೆಕ್ಕು ಬಂದರೆ ಒಂದನ್ನು, ಹೆಚ್ಚೆಂದರೆ ಎರಡನ್ನು ಹೊತ್ತೊಯ್ಯುತ್ತದೆ. ಬೆಳಗ್ಗೆ ಎಣಿಕೆ ತಪ್ಪುತ್ತದೆಯೇ ಹೊರತು ಹೆಣ ಕಾಣಿಸುವುದು ಕಡಿಮೆ. ನರಿಯೂ ಬಹುಮಟ್ಟಿಗೆ ಹಾಗೆಯೇ. ಎಳೆದೊಯ್ದ ದಾರಿಯುದ್ದಕ್ಕೂ ಪುಕ್ಕದ ಗುರುತು ಬಿಡುತ್ತದೆ. ಮುಂಗುಸಿ ಸಣ್ಣ ಸಂದಿಯಲ್ಲಿ ನುಸುಳಿ ಕತ್ತು, ತಲೆಗಳಿಗೆ ಬಾಯಿ ಹಾಕುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಹೆಗ್ಗಣಕ್ಕೆ ಮರಿಗಳೇ ಸಾಕು. ಹಗಲಿನಲ್ಲಿ ಮರಿ ಮಾಯವಾದರೆ ತಲೆಯೆತ್ತಿ ನೋಡಬೇಕು: ಹದ್ದೋ ಬಿಜ್ಜುವೋ ಅಲ್ಲಿರುತ್ತದೆ. ಕೊಂದು, ತಿನ್ನದೆ, ಅಂಗಳದ ತುಂಬ ಚೆಲ್ಲಿಹೋಗಿದ್ದರೆ ಅದು ನಾಯಿಯ ಕೆಲಸ. ಅದಕ್ಕೆ ಹಸಿವಿಗಿಂತ ಓಡುವ ಹಕ್ಕಿಯನ್ನು ಹಿಡಿಯುವ ಆಟವೇ ಮುಖ್ಯ. ನಲವತ್ತಾರು ಎಂಬ ಸಂಖ್ಯೆಯೇ ನಾಯಿಗಳ ಸಹಿಯಾಗಿತ್ತು. ದಿಲ್ಲಿಯ ಸುತ್ತಿನ ಬೀದಿನಾಯಿಗಳ ಬಗ್ಗೆ 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಆದೇಶ ನೀಡಿ, ಹನ್ನೊಂದು ದಿನಗಳಲ್ಲಿ ಅದನ್ನು ಮಾರ್ಪಡಿಸಿ, ದೇಶವೆಲ್ಲ ಎರಡು ಪಕ್ಷವಾಗಿ ವಾದಿಸಿತಷ್ಟೆ. ಆ ವಾದದಲ್ಲಿ ಕೋಳಿಗಳ ಪರ ವಕೀಲರಿರಲಿಲ್ಲ.

ಕೊಲ್ಲುವವನನ್ನು ಕೊಲ್ಲುವ ದಾರಿ ಮುಚ್ಚಿದೆ. ಮುಚ್ಚಿರುವುದು ಸರಿಯೂ ಹೌದು. ಮುಂಗುಸಿ, ಕಾಡುಬೆಕ್ಕು, ನರಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ. ಪಕ್ಷಿಧಾಮದ ನೆರಳಿನಲ್ಲಿ ಕೂತು ಅವುಗಳಿಗೆ ವಿಷವಿಡುವುದು ಅಪರಾಧ ಮಾತ್ರವಲ್ಲ, ನೀಚತನ ಕೂಡ. ಉಳಿಯುವುದು ಬೇಲಿಯೊಂದೇ.

ಕೋಳಿಗೂ ಬೇಲಿಗೂ ಇರುವ ಸಂಬಂಧ ಹಳೆಯದು. ನಾನು ಎಂ.ಎ. ಇಂಗ್ಲಿಷಿಗೆ ಓದಿದ ಚಾಸರನ ಕಥೆಯೊಂದರಲ್ಲಿ ಬಡ ವಿಧವೆಯ ಅಂಗಳಕ್ಕೆ ಕಡ್ಡಿಗಳ ಬೇಲಿ, ಅದರ ಹೊರಗೆ ಒಣ ಕಂದಕ. ಏಳು ಹೇಂಟೆಗಳ ಒಡೆಯನಾದ ಹುಂಜ, ಬೇಲಿ ನುಗ್ಗಿ ಬಂದ ನರಿಯ ಹೊಗಳಿಕೆಗೆ ಮರುಳಾಗಿ ಕಣ್ಣುಮುಚ್ಚಿ ಕೂಗಲು ಕತ್ತು ಚಾಚುತ್ತದೆ. ವಿಮರ್ಶಕರು ಅದರಲ್ಲಿ ವಿಧಿ, ಕನಸು, ಅಹಂಕಾರ ಎಲ್ಲವನ್ನೂ ಕಂಡಿದ್ದಾರೆ. ಭಾವನಿಗೆ ಆ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: “ಕಂದಕದಲ್ಲಿ ನೀರು ಯಾಕಿರಲಿಲ್ಲವಂತೆ?” ಆರುನೂರು ವರ್ಷಗಳ ವಿಮರ್ಶೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಎತ್ತಿದ್ದರೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಗಟ್ಟಿಯಾದ ಜಾಲರಿ ಹಾಕಿ ಕೋಳಿಗಳನ್ನು ಒಳಗೇ ಕೂಡಿಹಾಕಬಹುದಿತ್ತು. ಆದರೆ ನೆಲ ಕೆದಕಿ, ಹುಳ ಹೆಕ್ಕಿ, ಮಣ್ಣಿನಲ್ಲಿ ಮಿಂದು ಬೆಳೆಯುವ ಕೋಳಿಯ ಮೊಟ್ಟೆ ಎಂದೇ ಅವರು ಮಾರುತ್ತಿದ್ದದ್ದು. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಹುಲ್ಲು ಸತ್ತು, ಹಿಕ್ಕೆ ಹೆಪ್ಪುಗಟ್ಟಿ, ರಕ್ತಭೇದಿಯ ರೋಗಾಣುಗಳು ನೆಲದಲ್ಲಿ ಮನೆಮಾಡುತ್ತವೆ. ಆದ್ದರಿಂದ ಬೇಲಿ ಬೇಕು, ಅದು ವಾರಕ್ಕೊಮ್ಮೆ ಎದ್ದು ನಡೆಯಲೂ ಬೇಕು. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ನಮಗೆ ಗೊತ್ತು. ಇದು ಎದ್ದು ನಡೆದು ಕೋಳಿಗೆ ಹೊಲ ಮೇಯಿಸುವ ಬೇಲಿ.

ಅಂಥದ್ದೊಂದು ಪಶ್ಚಿಮದ ದೇಶಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಸೋದರಳಿಯನೊಬ್ಬ ನೆದರ್‌ಲ್ಯಾಂಡ್ಸ್‌ನಿಂದ ರಜೆಗೆ ಬರುವಾಗ ಐವತ್ತು ಮೀಟರಿನ ಒಂದು ಸುರುಳಿ ತಂದುಕೊಟ್ಟ. ನೋಡಿದರೆ ವಾಲಿಬಾಲ್ ಆಟದ ಬಲೆಯಂತಿತ್ತು. ಎತ್ತರ ಹೆಚ್ಚುಕಡಿಮೆ ನಾಲ್ಕು ಅಡಿ. ಅಡ್ಡ ಹುರಿಗಳು ಪ್ಲಾಸ್ಟಿಕ್ಕಿನವು, ಪ್ರತಿ ಹುರಿಯಲ್ಲೂ ಕೂದಲೆಳೆಯಂಥ ಉಕ್ಕಿನ ತಂತಿಗಳನ್ನು ಹೆಣೆದಿದ್ದಾರೆ. ವಿದ್ಯುತ್ತು ಹರಿಯುವುದು ಅವುಗಳಲ್ಲಿ. ಉದ್ದ ಹುರಿಗಳು ಬರಿಯ ಪ್ಲಾಸ್ಟಿಕ್. ನೆಲಕ್ಕೆ ತಾಗುವ ಕೆಳಗಿನ ಹುರಿಯಲ್ಲಿ ತಂತಿಯಿಲ್ಲ, ಇದ್ದರೆ ವಿದ್ಯುತ್ತೆಲ್ಲ ಮಣ್ಣಿಗೆ ಸೋರಿಹೋಗುತ್ತದೆ. ಬುಡದ ಕಡೆ ಕಣ್ಣುಗಳು ಕಿರಿದು, ಮೇಲೆ ಹೋದಂತೆ ಹಿರಿದು. ಮೂರು ಮೂರು ಮೀಟರಿಗೆ ಒಂದು ಹಗುರವಾದ ಗೂಟ, ಗೂಟದ ತುದಿಯಲ್ಲಿ ನೆಲಕ್ಕೆ ಚುಚ್ಚುವ ಮೊಳೆ. ಒಬ್ಬರೇ ಹೆಗಲ ಮೇಲೆ ಹೊತ್ತು, ನಡೆಯುತ್ತ ನಡೆಯುತ್ತ ಬಿಚ್ಚಿ ನೆಟ್ಟರೆ ಅರ್ಧ ಗಂಟೆಯಲ್ಲಿ ಹನ್ನೆರಡು ಮೀಟರ್ ಚಚ್ಚೌಕದ ಅಂಗಳ ಸಿದ್ಧ.

ಅದಕ್ಕೆ ಝಟ್ಕಾ ಮಷೀನು ಜೋಡಿಸಬೇಕು ಎಂಬಲ್ಲಿಗೆ ಮಾತು ಬಂದಾಗ ಅಕ್ಕ ತಟ್ಟೆ ಕೆಳಗಿಟ್ಟು ಎದ್ದಳು.

ಕಾರಣ ನನಗೂ ಗೊತ್ತಿತ್ತು, ಭಾವನಿಗಂತೂ ಗೊತ್ತೇ ಇತ್ತು. 2014ರ ಮಳೆಗಾಲದಲ್ಲಿ ಅಕ್ಕನ ಮೈದುನ, ಅಂದರೆ ಭಾವನ ಬೆನ್ನಿಗೆ ಬಿದ್ದ ತಮ್ಮ, ಊರಿನಲ್ಲಿ ಹೀಗೆಯೇ ತೀರಿಕೊಂಡಿದ್ದ. ಪಕ್ಕದ ಶುಂಠಿ ಹೊಲದವರು ಹಂದಿ ಕಾಟಕ್ಕೆಂದು ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಒಂದು ತಂತಿ ಎಳೆದು ಬದುವಿನ ಗುಂಟ ಕಟ್ಟಿದ್ದರು. ಬೆಳಗಿನ ಜಾವ ಹಗ್ಗ ಬಿಚ್ಚಿಕೊಂಡು ಹೋದ ಹಸು ಅದಕ್ಕೆ ತಗುಲಿ ಬಿತ್ತು. ಹಸು ಬಿದ್ದದ್ದನ್ನು ಕಂಡು ಓಡಿದವನು ಅದರ ಹಗ್ಗಕ್ಕೆ ಕೈ ಹಾಕಿದ. ಹಗ್ಗ ನೆನೆದಿತ್ತು. ಭಾವ ಆಗ ಗಡಿಯಲ್ಲಿದ್ದರು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮಣ್ಣಾಗಿತ್ತು. ಅಲ್ಲಿಗೆ ಮೊದಲು ಹೋದವಳು ಅಕ್ಕ. ಒಣಗಿದ ಸೌದೆಯಿಂದ ತಂತಿಯನ್ನು ಅತ್ತ ತಳ್ಳಿ ಅವನನ್ನು ಎಳೆದವಳು ಅವಳು. ಕಟ್ಟಿದವರು ದೂರದ ನೆಂಟರೂ ಆಗಿದ್ದರು. ಪ್ರಕರಣ ನಡೆಯಿತು, ಎರಡು ಮನೆಗಳ ನಡುವೆ ಮಾತು ನಿಂತಿತು. ಆ ಮೇಲೆ ಅವಳು ಒಗೆದ ಬಟ್ಟೆಯನ್ನು ತಂತಿಯ ಮೇಲೆ ಹಾಕಿದ್ದನ್ನು ನಾನು ನೋಡಿಲ್ಲ. ಎಲ್ಲಿಗೆ ವರ್ಗವಾದರೂ ನೂಲಿನ ಹಗ್ಗವೇ.

“ಕೋಳಿ ಹೋದ್ರೆ ಹೋಗ್ಲಿ,” ಎಂದಳು ಅಡುಗೆಮನೆಯಿಂದ. “ಇನ್ನೊಂದ್ ಸಲ ಬದುವಿಗೆ ಓಡಿಹೋಗಿ ಯಾರನ್ನೂ ಎತ್ಕೊಂಡ್ ಬರೋ ಶಕ್ತಿ ನನಗಿಲ್ಲ ಕಣ್ರೀ.”

ಭಾವ ಬಹಳ ಹೊತ್ತು ಸುಮ್ಮನಿದ್ದು, “ಅವನನ್ನ ಕೊಂದದ್ದು ಬೇಲಿಯಲ್ಲ ಕಣೇ, ಕಂಬದ ಕರೆಂಟು,” ಎಂದರು. ಅವಳು ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, “ನೀನೂ ಇವರ ಜೊತೆ ಸೇರ್ಕೊಂಡ್ಯಾ?” ಎಂದಳು.

ಕಂಬದ ಕರೆಂಟಿಗೂ ಪೆಟ್ಟಿಗೆಯ ಕರೆಂಟಿಗೂ ಇರುವ ವ್ಯತ್ಯಾಸ ಆ ಮನೆಯಲ್ಲಿ ಭೌತಶಾಸ್ತ್ರದ ಪಾಠವಾಗಿರಲಿಲ್ಲ. ಆದರೂ ಅದನ್ನು ಇಲ್ಲಿ ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮ ಪತ್ರಿಕೆಗಳು ಎರಡನ್ನೂ ‘ವಿದ್ಯುತ್ ಬೇಲಿ’ ಎಂಬ ಒಂದೇ ಹೆಸರಿನಿಂದ ಕರೆದು ಇಬ್ಬರಿಗೂ ಅನ್ಯಾಯ ಮಾಡುತ್ತಿವೆ. ಕಂಬದಿಂದ ಬರುವುದು 230 ವೋಲ್ಟಿನ, ಎಡೆಬಿಡದ ಹರಿವು. ಮೈ ಮೂಲಕ ನೆಲಕ್ಕಿಳಿಯುವಾಗ ಸ್ನಾಯುಗಳನ್ನು ಬಿಗಿದು ಹಿಡಿಯುತ್ತದೆ. ಮುಷ್ಟಿ ಬಿಚ್ಚಬೇಕೆಂದರೂ ಬಿಚ್ಚಲಾಗುವುದಿಲ್ಲ. ಆ ಹಿಡಿತದಲ್ಲಿ ಹೃದಯದ ಲಯ ತಪ್ಪಲು ಆ್ಯಂಪಿಯರಿನ ಒಂದು ಸಣ್ಣ ಪಾಲು ಸಾಕು. ಮನೆಗಳಲ್ಲಿ ಜೀವರಕ್ಷಣೆಗೆಂದು ಹಾಕುವ ಸ್ವಿಚ್ಚುಗಳು 30 ಮಿಲಿಆ್ಯಂಪಿಯರ್ ಸೋರಿಕೆಗೇ ಬಿದ್ದುಹೋಗುವಂತೆ ಮಾಡಿರುವುದು ಅದಕ್ಕಾಗಿಯೇ. ಝಟ್ಕಾ ಪೆಟ್ಟಿಗೆಯಲ್ಲಿ ವೋಲ್ಟುಗಳು ಇನ್ನೂ ಹೆಚ್ಚು, ಸಾವಿರಗಳ ಲೆಕ್ಕದಲ್ಲಿ. ಆದರೆ ಅದು ಒಂದು ಮಿಡಿತ. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಹೊಡೆದು, ಸುಮಾರು ಒಂದು ಸೆಕೆಂಡ್ ಸುಮ್ಮನಾಗುತ್ತದೆ. ಆ ಸುಮ್ಮನಿರುವ ಸೆಕೆಂಡಿನಲ್ಲಿ ಪ್ರಾಣ ಇದೆ. ತಗುಲಿದವನು ಕೈ ಹಿಂದೆಗೆಯಬಹುದು, ಪ್ರಾಣಿ ಹಾರಿ ಓಡಬಹುದು. ಒಂದೊಂದು ಮಿಡಿತ ಹೊತ್ತು ತರುವ ಶಕ್ತಿಯೂ ಅಷ್ಟಕ್ಕಷ್ಟೆ; ಭಾವನ ಪೆಟ್ಟಿಗೆಯದು ಒಂದು ಜೂಲಿನೊಳಗೆ. ಭಾರತೀಯ ಮಾನಕ ಬ್ಯೂರೋ ಈ ಯಂತ್ರಗಳಿಗೆಂದೇ ಮಾನದಂಡ ನಿಗದಿ ಮಾಡಿದೆ. ಕಂಬದ ಲೈನಿನಿಂದ ಬೇಲಿಗೆ ನೇರ ಕೊಂಡಿ ಹಾಕುವುದಾದರೋ 2003ರ ವಿದ್ಯುಚ್ಛಕ್ತಿ ಕಾಯಿದೆಯ 135ನೇ ಕಲಮಿನ ಪ್ರಕಾರ ಕಳ್ಳತನ. ಜೀವ ಹೋದರೆ ಅದರ ಮೇಲಿನ ಅಪರಾಧ ಬೇರೆ.

ಈ ಪೆಟ್ಟಿಗೆಯ ಹುಟ್ಟಿನಲ್ಲಿ ಹಾಸ್ಯವೂ ಇದೆ. 1930ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಗರ್ ಎಂಬ ರೈತನ ಕಾರಿಗೆ ಅವನ ಕುದುರೆ ಮೈ ಉಜ್ಜಿಕೊಳ್ಳುತ್ತಿತ್ತಂತೆ. ಆತ ಕಾರಿನ ಇಗ್ನಿಷನ್ ಕಾಯಿಲಿನಿಂದ ಒಂದು ಏಟು ಬೀಳುವಂತೆ ಹೂಡಿದ. ಕುದುರೆ ಉಜ್ಜುವುದನ್ನು ಬಿಟ್ಟಿತು, ರೈತ ಬೇಲಿಯ ಉದ್ಯಮಿಯಾದ. ಕುದುರೆಯಿಂದ ಶುರುವಾದದ್ದು ಎಂದಮೇಲೆ ನಮ್ಮ ಜಟಕಾಕ್ಕೂ ಈ ಝಟ್ಕಾಕ್ಕೂ ಹೇಗೋ ಸಂಬಂಧ ಬಂತು ಎಂದು ನಾನು ಭಾವನೆದುರು ನಗಲು ಯತ್ನಿಸಿದೆ. ಅದು ನಗುವ ದಿನವಾಗಿರಲಿಲ್ಲ.

ಸುಮಾರು ಒಂದು ತಿಂಗಳು ಬಲೆ ಸುರುಳಿಯಾಗಿಯೇ ಬಿದ್ದಿತ್ತು. ಆ ತಿಂಗಳಲ್ಲಿ ಇನ್ನೂ ಒಂಬತ್ತು ಕೋಳಿ ಹೋದವು, ಒಂದೊಂದಾಗಿ. ಹತ್ತನೆಯದು ಅಕ್ಕನ ಕೈಯಿಂದ ಕಾಳು ತಿನ್ನುತ್ತಿದ್ದ ಕುಂಟು ಹೇಂಟೆ. ಅದರ ಮಾರನೆಯ ದಿನ ಅವಳು ತನ್ನ ಕರಾರುಗಳನ್ನು ಹೇಳಿದಳು. ಮೂರೇ. ಪೆಟ್ಟಿಗೆ ಬ್ಯಾಟರಿಯಿಂದಲೇ ನಡೆಯಬೇಕು. ಮನೆಯ ಕರೆಂಟಿನ ಯಾವ ತಂತಿಯೂ, ಚಾರ್ಜು ಮಾಡುವಾಗ ಕೂಡ, ಬೇಲಿಯ ಕಡೆ ಸುಳಿಯಬಾರದು. ಎಲ್ಲರಿಗೂ ಕಾಣುವಂತೆ ಹಲಗೆ ಹಾಕಬೇಕು. ಊರಿನ ಮಕ್ಕಳನ್ನೆಲ್ಲ ಕರೆಸಿ ಇದು ಏನೆಂದು ತೋರಿಸಬೇಕು. ಸರ್ಕಾರಿ ಕಡತಗಳಲ್ಲಿ ಇಪ್ಪತ್ತು ವರ್ಷ ಷರತ್ತುಗಳನ್ನು ಓದಿದ ನನಗೆ ಇಷ್ಟು ಬಿಗಿಯಾದ, ಒಂದು ಪದವೂ ಹೆಚ್ಚಿಲ್ಲದ ಕರಾರು ಪತ್ರ ನೋಡಿದ ನೆನಪಿಲ್ಲ. ಮೊದಲನೆಯ ಕರಾರಂತೂ ತಾಂತ್ರಿಕವಾಗಿಯೂ ಅತ್ಯುತ್ತಮ ಸಲಹೆ ಎಂದು ಭಾವ ಆಮೇಲೆ ನನ್ನೊಡನೆ ಒಪ್ಪಿಕೊಂಡರು: 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆ ಎಷ್ಟೇ ಕೆಟ್ಟುಹೋದರೂ ಕಂಬದ ಕರೆಂಟು ಬೇಲಿಗೆ ಹರಿಯಲು ದಾರಿಯೇ ಇರುವುದಿಲ್ಲ.

ಹಲಗೆಗಳನ್ನು ಅವಳೇ ಬರೆದಳು. ಹಿಂದಿಯಲ್ಲಿ ಎರಡು, ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಆ ಹಳ್ಳಿಯಲ್ಲಿ ಕನ್ನಡ ಓದಬಲ್ಲವರು ಅವರಿಬ್ಬರೇ. ನಾನು ಕೇಳಿದ್ದಕ್ಕೆ “ಇರಲಿ ಬಿಡು,” ಎಂದಳಷ್ಟೆ.

ಬೇಲಿ ಎದ್ದ ಮೇಲೆ ನಾನು ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿದ್ದೇನೆ. ಅದರಲ್ಲಿ ಮಾಯೆಯೇನೂ ಇಲ್ಲ. ದಿನನಿತ್ಯದ ಚಾಕರಿ ಇದೆ. ಏಟು ಪೂರ್ಣವಾಗಬೇಕಾದರೆ ವಿದ್ಯುತ್ತು ಪ್ರಾಣಿಯ ಮೈಯಿಂದ ನೆಲಕ್ಕಿಳಿದು, ಮಣ್ಣಿನ ಮೂಲಕ ಸಾಗಿ, ಪೆಟ್ಟಿಗೆಯ ಬಳಿ ಹೂತ ಕಬ್ಬಿಣದ ಸಲಾಕೆ ಹತ್ತಿ ಹಿಂದಿರುಗಬೇಕು. ಮೇ ತಿಂಗಳ ಹರಿಯಾಣದಲ್ಲಿ ಮಣ್ಣು ಹಂಚಿನಂತೆ ಒಣಗುತ್ತದೆ. ಆಗ ಬೇಲಿ ಇದ್ದೂ ಇಲ್ಲದಂತೆ. ಸಲಾಕೆಯನ್ನು ಆಳಕ್ಕೆ ಇಳಿಸಿ, ಅದರ ಬುಡಕ್ಕೆ ದಿನವೂ ಒಂದು ಬಕೆಟ್ ನೀರು ಹೊಯ್ಯಬೇಕು. ಹಳ್ಳಿಯವರಿಗೆ ಇದು ಬಹಳ ದಿನ ವಿನೋದವಾಗಿತ್ತು: ಫೌಜಿ ಕಬ್ಬಿಣದ ಗಿಡ ಬೆಳೆಸುತ್ತಿದ್ದಾನೆ! ಮಳೆಗಾಲದಲ್ಲಿ ಸಮಸ್ಯೆ ತಿರುಗಾಮುರುಗಾ. ಹಸಿ ಹುಲ್ಲು ರಾತ್ರೋರಾತ್ರಿ ಬೆಳೆದು ಹುರಿಗಳಿಗೆ ಆತುಕೊಂಡು ವಿದ್ಯುತ್ತನ್ನೆಲ್ಲ ಹೀರಿಬಿಡುತ್ತದೆ. ಬಲೆ ನೆಡುವ ಮುನ್ನ ಆ ಗೆರೆಯುದ್ದಕ್ಕೂ ಹುಲ್ಲು ಸವರಲೇಬೇಕು. ಚಳಿಗಾಲದ ತೊಂದರೆ ದಿಲ್ಲಿಯದೇ ವಿಶೇಷ. ನವೆಂಬರಿನಿಂದ ಜನವರಿಯವರೆಗೆ ಹೊಗೆ, ಮಂಜುಗಳ ಮಸುಕಿನಲ್ಲಿ ಸೋಲಾರ್ ಫಲಕ ಮುಖ ಬಾಡಿಸಿ ಕೂರುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ಭಾವ ಇ-ರಿಕ್ಷಾದ ಎರಡು ಬ್ಯಾಟರಿ ಕೊಂಡರು; ಒಂದು ಬೇಲಿಯಲ್ಲಿರುವಾಗ ಇನ್ನೊಂದು ಮನೆಯಲ್ಲಿ ಚಾರ್ಜಾಗುತ್ತದೆ, ಕರಾರಿನಂತೆ.

ಏಟು ಯಾರಿಗೆ ತಗುಲುತ್ತದೆ ಎಂಬುದೂ ಕುತೂಹಲದ ಸಂಗತಿ. ಕೋಳಿಯ ಮೈ ಪುಕ್ಕದ ರಗ್ಗಿನೊಳಗಿದೆ. ಜುಟ್ಟೋ ಗಲ್ಲದ ಜೋಲೋ ಸೋಕಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ನಾಯಿ, ನರಿ, ಮುಂಗುಸಿಗಳು ಹೊಸದನ್ನು ಅರಿಯುವುದು ಮೂಗಿನಿಂದ. ಆ ಒದ್ದೆ ಮೂಗೇ ಬೇಲಿಯ ಗುರಿ. ನಾಯಿಯೊಂದು ಮೊದಲ ಸಲ ಮೂಸಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಕೂಗು, ಗಾಳಿಯಲ್ಲೇ ಅರ್ಧ ತಿರುವು, ಆಮೇಲೆ ಸಾಸಿವೆ ಹೊಲದ ನಡುವೆ ಒಂದು ಗೆರೆ ಮಾತ್ರ. ಅದು ಮತ್ತೆ ಬಂದರೂ ಹತ್ತು ಹೆಜ್ಜೆ ದೂರ ಕೂತು ಬಲೆಯನ್ನು ನೋಡುತ್ತದೆ. ಅಂದರೆ ಈ ಬೇಲಿ ನಿಲ್ಲಿಸುವುದು ಮೈಯನ್ನಲ್ಲ, ನೆನಪನ್ನು. ಬಲವಾಗಿ ತಳ್ಳಿದರೆ ಯಾವ ನಾಯಿಯೂ ಅದನ್ನು ಕೆಡವಬಲ್ಲದು. ಒಂದು ರಾತ್ರಿ ನೀಲಗಾಯ್ ಒಂದು ಕಾಣದೆ ನುಗ್ಗಿ ಹದಿನೈದು ಮೀಟರ್ ಬಲೆಯನ್ನು ಹೊತ್ತುಕೊಂಡೇ ಹೋಯಿತು. ಅಂದಿನಿಂದ ಮೇಲಿನ ಹುರಿಗೆ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟುತ್ತಾರೆ. ವಿದ್ಯುತ್ತಿಲ್ಲದೆ ಬಲೆಯನ್ನು ನೆಟ್ಟು ಬಿಡುವುದಂತೂ ಕೂಡದು. ಏಟಿನ ಭಯವಿಲ್ಲದ ಪ್ರಾಣಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ, ಆಗ ಬೇಲಿ ನಿಜವಾಗಿ ಬಲೆಯಾಗುತ್ತದೆ.

ಇದರ ಲೆಕ್ಕದಲ್ಲಿ ಖರ್ಚಿನ ಕಲಮೂ ಇದೆ. ಒಂದು ಮಳೆಗಾಲದ ಬೆಳಗ್ಗೆ ಕೇರೆಹಾವೊಂದು ಬುಡದ ಕಣ್ಣುಗಳ ನಡುವೆ ಹೆಣೆದುಕೊಂಡು ಸತ್ತುಬಿದ್ದಿತ್ತು. ನೆಲಕ್ಕಂಟಿ ಹರಿಯುವ ಜೀವಕ್ಕೆ ಹಾರಿ ಹಿಂದೆ ಸರಿಯುವುದು ಗೊತ್ತಿಲ್ಲ. ಏಟು ಬಿದ್ದಷ್ಟೂ ಮುಂದಕ್ಕೆ ತೂರುತ್ತದೆ, ಇಲ್ಲವೇ ಸುತ್ತಿಕೊಳ್ಳುತ್ತದೆ. ಕಪ್ಪೆಗಳೂ ಹಾಗೆ ಸಾಯುತ್ತವೆ. ‘ಹಾನಿಯಿಲ್ಲದ ಬೇಲಿ’ ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ತಲೆ ಸಿಕ್ಕಿಸಿಕೊಂಡ ಮಗು, ಇಂಥವರಿಗೆ ಇದು ಅಪಾಯವೇ. ಮುಳ್ಳುತಂತಿಗೆ ಇದನ್ನು ಜೋಡಿಸುವುದು, ಮೈ ಸಿಕ್ಕಿಕೊಂಡು ಏಟು ತಿನ್ನುತ್ತಲೇ ಇರುವಂತೆ ಮಾಡುವುದು, ಅಪರಾಧಕ್ಕೆ ಸಮ. ಆಕಾಶದಿಂದ ಬರುವವರಿಗಂತೂ ಬೇಲಿ ಲೆಕ್ಕಕ್ಕೇ ಇಲ್ಲ. ಮರಿಗಳು ಬಲೆಯ ಕಣ್ಣಲ್ಲೇ ತೂರಿ ಹೊರಬರುವಷ್ಟು ಚಿಕ್ಕವಿದ್ದಾಗ ಅವು ಹಳೆಯ ವ್ಯವಸ್ಥೆಯಲ್ಲೇ ಇರುತ್ತವೆ: ನಮ್ಮ ಅವ್ವ ಮಾಡುತ್ತಿದ್ದಂತೆ ಬೋರಲು ಹಾಕಿದ ಮಂಕರಿ, ಮೇಲೊಂದು ಕಲ್ಲು. ರಾತ್ರಿ ಕೋಳಿಗಳೆಲ್ಲ ಚಕ್ರ ಜೋಡಿಸಿದ ಗೂಡಿಗೆ ಸೇರಬೇಕು, ಬಾಗಿಲಿಗೆ ಚಿಲಕ ಬೀಳಬೇಕು. ಬಲೆ ಹಾರುವ ಹುಮ್ಮಸ್ಸಿನ ನಿರ್ಭೀಕ್‌ಗಳಿಗೆ ಒಂದು ರೆಕ್ಕೆಯ ತುದಿಗರಿಗಳನ್ನು ಮಾತ್ರ ಕತ್ತರಿಸುತ್ತಾರೆ. ಎರಡನ್ನೂ ಕತ್ತರಿಸಿದರೆ ಸಮತೋಲ ಉಳಿದು ಹೇಗೋ ಹಾರಿಬಿಡುತ್ತವೆ.

ಇನ್ನೊಂದು ಆತಂಕವನ್ನು ಬೇಲಿ ಹೆಚ್ಚಿಸಿದೆಯೇ ಹೊರತು ತಗ್ಗಿಸಿಲ್ಲ. 2021ರ ಜನವರಿಯಲ್ಲಿ ದಿಲ್ಲಿಯ ಉದ್ಯಾನಗಳಲ್ಲಿ ಕಾಗೆಗಳು ಸತ್ತುಬಿದ್ದದ್ದು, ಸಂಜಯ್ ಸರೋವರದ ಬಾತುಗಳಲ್ಲಿ ಹಕ್ಕಿಜ್ವರ ಕಂಡದ್ದು, ಘಾಜಿಪುರದ ಕೋಳಿ ಮಾರುಕಟ್ಟೆಯನ್ನು ಹತ್ತು ದಿನ ಮುಚ್ಚಿದ್ದು ಇಲ್ಲಿ ಇದ್ದವರಿಗೆ ಮರೆತಿಲ್ಲ. ಬಯಲಲ್ಲಿ ಮೇಯುವ ಕೋಳಿಯ ತಲೆಯ ಮೇಲೆ ಸುಲ್ತಾನ್‌ಪುರಕ್ಕೆ ಇಳಿಯುವ ವಲಸೆ ಹಕ್ಕಿಗಳ ದಾರಿ ಇದೆ. ಕೊಕ್ಕರೆ ರೋಗಕ್ಕಾದರೆ ಲಸಿಕೆ ಹಾಕಿಸಬಹುದು. ಕುಮಾವೂಂ ಬೆಟ್ಟದ ಊರಿನ ನೆನಪಿನಲ್ಲಿ ಇಲ್ಲಿನವರು ಅದನ್ನು ರಾಣಿಖೇತ್ ಎನ್ನುತ್ತಾರೆ. ಹಕ್ಕಿಜ್ವರಕ್ಕೆ ದೂರವೇ ಮದ್ದು. ಆದ್ದರಿಂದ ಕಾಳು, ನೀರು ಸೂರಿನಡಿಯಲ್ಲೇ. ಬಲೆಯ ಅಂಗಳವನ್ನು ಊರಿನ ಜೋಹಡ್ ಎಂಬ ಕೆರೆಯ ಕಡೆ ಎಂದೂ ನಡೆಸುವುದಿಲ್ಲ. ಬಾತು ಸಾಕುವ ಆಸೆಯನ್ನು ಭಾವ ಬಿಟ್ಟಿದ್ದಾರೆ. ಕೈಯಳತೆಯ ಪಂಜರದಲ್ಲಿ ಕೋಳಿ ತುಂಬುವವರು ಈ ರೋಗದ ನೆಪವನ್ನೇ ಮುಂದೊಡ್ಡುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಪಂಜರದ ಕೋಳಿ ಒಂದು ದಿನವೂ ರೆಕ್ಕೆ ಬಿಚ್ಚದೆ ಮುಗಿಯುತ್ತದೆಂಬುದನ್ನು ಬಲ್ಲ ನನಗೆ ಎರಡು ಅಪಾಯಗಳ ನಡುವೆ ಬಯಲಿನದೇ ವಾಸಿ ಎನಿಸುತ್ತದೆ. ಐರೋಪ್ಯ ಒಕ್ಕೂಟ 2012ರಿಂದ ಬರಿಯ ತಂತಿಪಂಜರಗಳನ್ನು ನಿಷೇಧಿಸಿತು. ನಮ್ಮಲ್ಲಿ 2017ರಲ್ಲಿ ಕಾನೂನು ಆಯೋಗವೇ ಇದರ ಬಗ್ಗೆ ವರದಿ ಕೊಟ್ಟಿತು. ವರದಿಗಳ ಗತಿ ನನ್ನಂಥ ನೌಕರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಸುರುಳಿಯನ್ನು ನೋಡಿ ಭಾವ ಎರಡನೆಯದನ್ನು ತಾವೇ ಕಟ್ಟಿದರು. ಮೀನುಬಲೆಯಂಥ ನೈಲಾನ್ ಬಲೆ, ಪ್ಲಾಸ್ಟಿಕ್ ಕೊಳವೆಯ ಗೂಟ, ಹೊರಮೈಯಲ್ಲಿ ಮೂಗಿನ ಎತ್ತರಕ್ಕೆ ಎರಡು ಸಾಲು ತಂತಿಹುರಿ. ಬೆಲೆ ಕಾಲುಪಾಲು, ಕೆಲಸ ಬಹುಮಟ್ಟಿಗೆ ಅದೇ. ಅಂದಿನಿಂದ ನಾಯಿಗೆ ಸಿಕ್ಕಿ ಸತ್ತ ಕೋಳಿ ಎರಡು. ಎರಡೂ ಹಗಲಿನಲ್ಲಿ ಬಲೆ ಹಾರಿ ಹೊರಹೋದವು. ಅಕ್ಕ ದಿನವೂ ಬೆಳಗ್ಗೆ ಬಲೆಯೊಳಕ್ಕೆ ಹೋಗುತ್ತಾಳೆ. ಹೋಗುವ ಮುನ್ನ ಪೆಟ್ಟಿಗೆ ಆರಿಸುತ್ತಾಳೆ, ಬ್ಯಾಟರಿಯ ಕೊಂಡಿ ಕಳಚುತ್ತಾಳೆ, ಆಮೇಲೆ ದೀಪ ಮಿನುಗುವ ಪರೀಕ್ಷಕವನ್ನು ಹುರಿಗೆ ಹಿಡಿದು ನೋಡುತ್ತಾಳೆ. ಮೂರೂ ಆದ ಮೇಲೂ ಬಲೆಯನ್ನು ಕೋಲಿನಿಂದಲೇ ತಗ್ಗಿಸಿ ದಾಟುತ್ತಾಳೆ. ಭಾವ ಈ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ನೆರೆಯ ಹೊಲದ ತಾಊ ಬಂದರು. ಹಿರಿಯರು, ಅವರ ಸಾಸಿವೆಗೆ ನೀಲಗಾಯ್‌ಗಳ ಹಿಂಡು ಬಿದ್ದಿತ್ತು. ಫೌಜಿಯ ಕೋಳಿಬೇಲಿಯನ್ನು ನೋಡಿ ಮನಸ್ಸು ಮಾಡಿದ್ದರು. ತಂತಿ ತಂದಾಗಿದೆ, ಪೆಟ್ಟಿಗೆಗೆ ಯಾಕೆ ದುಡ್ಡು, ಟ್ಯೂಬ್‌ವೆಲ್ಲಿನ ಲೈನು ಪಕ್ಕದಲ್ಲೇ ಇದೆ, ರಾತ್ರಿ ಪಾಳಿಯಲ್ಲಿ ಕರೆಂಟು ಬರುತ್ತದೆ, ಒಂದು ಕೊಂಡಿ ಹಾಕಿದರೆ ಆಯಿತಲ್ಲ ಎಂದರು. ಭಾವ ಬಾಯಿ ತೆರೆಯುವ ಮುನ್ನವೇ ಅಕ್ಕ ಚಹಾದ ಲೋಟ ಹಿಡಿದು ಹೊರಗೆ ಬಂದಳು. ಮೂವತ್ತು ವರ್ಷ ಕಂಟೋನ್ಮೆಂಟುಗಳಲ್ಲಿ ಬಾಳಿದರೂ ಲಿಂಗ ವಚನಗಳಿಗೆ ತಲೆಕೆಡಿಸಿಕೊಳ್ಳದ ಹಿಂದಿ ಅವಳದು. ಆ ಹಿಂದಿಯಲ್ಲಿ ಮೈದುನನ ಹೆಸರು ಹೇಳಿ, ವಯಸ್ಸು ಹೇಳಿ, ಹಸು ಯಾವ ಬಣ್ಣದ್ದೆಂದು ಹೇಳಿ, ಹಗ್ಗ ಹೇಗೆ ನೆನೆದಿತ್ತೆಂದು ಹೇಳಿದಳು. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಕನ್ನಡದಲ್ಲಿ ಒಮ್ಮೆಯೂ ಹಾಗೆ ಮೊದಲಿನಿಂದ ಕೊನೆಯವರೆಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ತಾಊ ಚಹಾ ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದು, ಕೊನೆಗೆ ಪೆಟ್ಟಿಗೆಗೆ ಎಷ್ಟಾಗುತ್ತದೆಂದು ಭಾವನನ್ನು ಕೇಳಿದರು.

ಆ ವಾರವೇ ಭಾವ ಅವರೊಡನೆ ಫರೂಖ್‌ನಗರಕ್ಕೆ ಹೋಗಿ ಕೊಡಿಸಿದರು. ಸಾಸಿವೆ ಹೊಲದ ಹಲಗೆಯನ್ನೂ ಅಕ್ಕನೇ ಬರೆದಿದ್ದಾಳೆ, ಹಿಂದಿಯಲ್ಲಿ ಮಾತ್ರ. ಸೋಮವಾರಕ್ಕೊಮ್ಮೆ ಬೆಳಗ್ಗೆ ತನ್ನ ಕೋಳಿಗ ಕಾಳು ಹಾಕಿದ ಮೇಲೆ, ಪರೀಕ್ಷಕ ಹಿಡಿದುಕೊಂಡು ಅವರ ಬದುವಿನ ಗುಂಟ ಒಂದು ಸುತ್ತು ಹೋಗಿ, ಟ್ಯೂಬ್‌ವೆಲ್ಲಿನ ಲೈನಿಗೆ ಯಾವ ಕೊಂಡಿಯೂ ಬಿದ್ದಿಲ್ಲವೆಂದು ನೋಡಿಕೊಂಡು ಬರುತ್ತಾಳೆ.